ಮೊದಲ ದಿನವೇ ಹೇಳಿ



ಕೆಲಸ ಹೋದಾಗ 20 ದಿನ ನಾನು ಮನೆಯಲ್ಲಿ ಹೇಳಲಿಲ್ಲ. ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಹೊರಟು, ಇಲ್ಲೇ ಸ್ಯಾನ್ ರಮೋನ್‌ನ ಐರನ್ ಹಾರ್ಸ್ ಟ್ರೇಲ್‌ನಲ್ಲಿ ಕೂತಿರ್ತಿದ್ದೆ.

ಎಚ್‌1ಬಿಯವರಿಗೆ ಕೆಲಸ ಹೋದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು. ಇಲ್ಲಾಂದ್ರೆ ವೀಸಾ ಬದಲಿಸಬೇಕು, ಅಥವಾ ಗಂಟುಮೂಟೆ ಕಟ್ಟಬೇಕು. ಅಲ್ಲಿವರೆಗೆ ಟ್ಯಾಕ್ಸಿ ಓಡಿಸೋ ಹಾಗಿಲ್ಲ, ಸಾರಿನ ಪುಡಿ ಮಾರೋ ಹಾಗೂ ಇಲ್ಲ.

ಕೊನೆಗೆ ಹೆಂಡತಿಗೆ ಹೇಳಿದೆ. "ಮೊದಲೇ ಹೇಳಿದ್ರೆ 20 ದಿನ ಉಳೀತಿತ್ತಲ್ರೀ" ಅಂದಳು. ಅವತ್ತೇ ಹತ್ತು ಮನೆಗೆ ಫೋನ್ ಮಾಡಿದಳು. ಪ್ಲೆಸಂಟನ್‌ನ ಕನ್ನಡಿಗರೊಬ್ಬರು ತಮ್ಮ ಕಂಪನಿಯಲ್ಲಿ ನನ್ನ ಹೆಸರು ಹೇಳಿದರು. 52ನೇ ದಿನ ಅರ್ಜಿ ಹೋಯ್ತು.

ಸ್ನೇಹಿತರೇ, ಕೆಲಸ ಹೋದ್ರೆ ಮಾನ ಹೋಗಲ್ಲ. ಮೊದಲ ದಿನವೇ ಹೇಳಿ. ಕೇಳಿಸಿಕೊಂಡವರು ಅವತ್ತೇ ನಾಲ್ಕು ಜನಕ್ಕೆ ಫೋನ್ ಮಾಡಿ.