ಓದಿದ್ದು, ಓದುತ್ತಿರುವುದು, ಓದಬೇಕಾದದ್ದು

(ಗಿರಣಿ ಕೆಲಸಗಾರರ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವಾಚನಾಲಯದ ವಾರ್ಷಿಕ ಸಭೆಯೆಂದರೆ ಯಾರಾದರೊಬ್ಬರು ಬಂದು ಪುಸ್ತಕದ ಮಹಿಮೆಯನ್ನು ಕೊಂಡಾಡಿ ಹೋಗುವುದು ವಾಡಿಕೆ. ಪುಸ್ತಕವೇ ದೀಪ, ಪುಸ್ತಕವೇ ಗುರು ಎಂದೆಲ್ಲ ಹೇಳಿ, ಹಾರ ಹಾಕಿಸಿಕೊಂಡು, ಚಹಾ ಕುಡಿದು ಹೊರಟರೆ ಆಯಿತು. ಬೀರುವಿನ ಬೀಗ ಮಾತ್ರ ಮರುದಿನವೂ ಹಾಕಿದ ಹಾಗೆಯೇ ಇರುತ್ತದೆ. ನಾವು ಎಂಟು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಅಂಥ ಭಾಷಣದ ಚಟ ನಮಗೂ ಉಂಟು. ಇವತ್ತು ಅದನ್ನು ಬದಿಗಿಟ್ಟು ಲೆಕ್ಕದ ಮಾತನ್ನಾಡೋಣವೆಂದು ಬಂದಿದ್ದೇವೆ. ವ್ಯಾಪಾರಿಗಳಿಗಾದರೂ ಅದು ರುಚಿಸೀತು.

ಮೂರು ತಿಂಗಳ ಹಿಂದೆ ಈ ಮೇಜಿನ ಮೇಲೆ ಒಂದು ಉದ್ದನೆಯ ಪುಸ್ತಕ ಇಟ್ಟೆವು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂಥದು. ಅದರಲ್ಲಿ ಮೂರು ಕಾಲಂ. ಮೊದಲನೆಯದರಲ್ಲಿ ನೀವು ಓದಿ ಮೆಚ್ಚಿದ್ದು, ಎರಡನೆಯದರಲ್ಲಿ ಈಗ ಕೈಯಲ್ಲಿರುವುದು, ಮೂರನೆಯದರಲ್ಲಿ ಸಿಕ್ಕರೆ ಓದಬೇಕೆಂದಿರುವುದು. ಹೆಸರು ಹಾಕಬೇಕಾಗಿಲ್ಲ, ಕಸುಬು ಹಾಕಿದರೆ ಸಾಕು ಎಂದು ಮೇಲೆ ಬರೆದಿದ್ದೆವು. ಯಾಕೆಂದರೆ ವಾಚನಾಲಯದ ಡಬ್ಬಿಯಲ್ಲಿ ನೀವು ಹಾಕಿದ ಹಣ ಈಗ ಒಂದು ಹೊರೆ ಪುಸ್ತಕಕ್ಕೆ ಆಗುವಷ್ಟಾಗಿದೆ. ಯಾವ ಪುಸ್ತಕ ತರಬೇಕೆಂಬುದನ್ನು ಕಮಿಟಿಯ ನಾಲ್ಕು ಜನ ಕೂತು ತೀರ್ಮಾನಿಸಿದರೆ ಏನಾಗುತ್ತದೆಂಬುದನ್ನು ಈ ಬೀರುವೇ ಸಾರುತ್ತಿದೆ. ಮೇಲಿನ ಎರಡು ಹಲಗೆ ದಾನ ಬಂದ ಪುಸ್ತಕ. ವಕೀಲರೊಬ್ಬರ ಹಳೆಯ ಇಂಗ್ಲಿಷ್ ಕಾಯದೆಯ ಸಂಪುಟಗಳು, ಯಾರದೋ ಮಗನ ಪರೀಕ್ಷೆಯ ಗೈಡುಗಳು. ಕೊಟ್ಟವರಿಗೆ ಪುಣ್ಯ ಬಂದಿರಬಹುದು, ಇಲ್ಲಿ ಗೆದ್ದಲಿಗೆ ಊಟವಾಗಿದೆ.

ಈಗ ಕಾಲಂಗಳಿಗೆ ಬರೋಣ.

ಮೊದಲ ಕಾಲಮ್ಮಿನಲ್ಲಿ ಹೆಚ್ಚು ಜನ ಬರೆದದ್ದು ಕುಮಾರವ್ಯಾಸ ಭಾರತ, ಬಸವಣ್ಣನವರ ವಚನಗಳು, ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’. ಬಹಳ ಸಂತೋಷ. ಆದರೆ ಪುಸ್ತಕ ಕೊಟ್ಟು ತೆಗೆದುಕೊಂಡ ಲೆಕ್ಕದ ವಹಿ ಬೇರೆಯೇ ಕಥೆ ಹೇಳುತ್ತದೆ. ಅದರ ಪ್ರಕಾರ ಈ ಬೀರುವಿನಿಂದ ಎಲ್ಲಕ್ಕಿಂತ ಹೆಚ್ಚು ಸಲ ಹೊರಗೆ ಹೋಗಿ ಬಂದದ್ದು, ರಟ್ಟು ಕಿತ್ತು ಎರಡು ಸಲ ದಾರ ಹಾಕಿಸಿಕೊಂಡದ್ದು, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಪತ್ತೇದಾರ ಪುರುಷೋತ್ತಮ ಈ ಊರಿನ ಎಷ್ಟು ಮನೆ ಹೊಕ್ಕು ಬಂದಿದ್ದಾನೆಂದು ವಹಿಯಲ್ಲಿದೆ. ಮೆಚ್ಚಿದ್ದು ಎಂಬ ಕಾಲಮ್ಮಿನಲ್ಲಿ ಮಾತ್ರ ಅವನ ಸುಳಿವೇ ಇಲ್ಲ!

ಇದರಲ್ಲಿ ನಾಚಿಕೆ ಏತಕ್ಕೆ? ನರಸಿಂಹಯ್ಯನವರು ಹೆಚ್ಚು ಶಾಲೆ ಕಲಿತವರಲ್ಲ. ಆದರೂ ನೂರಾರು ಕಾದಂಬರಿ ಬರೆದರು, ಅಕ್ಷರ ಕೂಡಿಸಿ ಓದುವವನ ಕೈಗೂ ಪುಸ್ತಕ ಕೊಟ್ಟರು. ಒಂದು ಪುಟ ಮುಗಿಯುವಷ್ಟರಲ್ಲಿ ಕಣ್ಣು ಸೋಲುವ ಮನುಷ್ಯ, ಕೊಲೆಗಾರ ಯಾರೆಂದು ತಿಳಿಯುವ ಆಸೆಗೆ ನೂರು ಪುಟ ದಾಟುತ್ತಾನೆ. ನೂರು ಪುಟ ದಾಟಿದವನು ಮುಂದಿನ ವರ್ಷ ‘ಚೋಮನ ದುಡಿ’ಯನ್ನು ಹಿಡಿಯಬಲ್ಲ. ಅ. ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿ ಬರೆದಾಗ, ತ್ರಿವೇಣಿಯವರ ಕಾದಂಬರಿಗಳನ್ನು ಹೆಣ್ಣುಮಕ್ಕಳು ಬಾಡಿಗೆ ಪುಸ್ತಕದ ಅಂಗಡಿಗಳಿಂದ ತರಿಸಿ ಓದಿದಾಗ, ಪಂಡಿತರಾದವರು ಮೂಗು ಮುರಿದದ್ದುಂಟು. ತ್ರಿವೇಣಿಯವರು ೧೯೬೩ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಹೆಂಗಸಿನ ಮನಸ್ಸಿನ ಕಾಯಿಲೆಯನ್ನು ದೆವ್ವವೆನ್ನದೆ ಕಾಯಿಲೆಯೆಂದೇ ಬರೆದವರು ಅವರು. ಮೂಗು ಮುರಿದವರ ಪುಸ್ತಕಗಳು ಎಲ್ಲಿವೆಯೋ ನಮಗೆ ಕಾಣಲಿಲ್ಲ.

ನಿಜವಾಗಿ ಮೆಚ್ಚಿ ಬರೆದ ಸಾಲುಗಳೂ ಇವೆ. ಮಗ್ಗದ ಖಾತೆಯ ಗೆಳೆಯರೊಬ್ಬರು ಶಿವರಾಮ ಕಾರಂತರ ‘ಚೋಮನ ದುಡಿ’ಯ ಹೆಸರು ಬರೆದು, ಕೆಳಗೆ ಪೆನ್ಸಿಲಿನಲ್ಲಿ “ಸಾಲ” ಎಂದು ಒಂದೇ ಮಾತು ಹಾಕಿದ್ದಾರೆ. ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾವು ಕಂಡಿಲ್ಲ. ಚೋಮನಿಗೆ ಬೇಕಾದದ್ದು ತುಂಡು ಭೂಮಿ. ಎತ್ತು ಉಂಟು, ಉಳುವ ತೋಳು ಉಂಟು, ಹುಟ್ಟಿದ ಜಾತಿ ಅಡ್ಡ ಬರುತ್ತದೆ. ಕಾಫಿ ತೋಟದ ಸಾಲಕ್ಕೆ ಮಕ್ಕಳನ್ನು ಕಳಿಸುತ್ತಾನೆ, ಸಾಲ ತೀರುವುದಿಲ್ಲ, ಮಕ್ಕಳು ಕರಗುತ್ತಾರೆ. ೧೯೩೩ರಲ್ಲಿ ಬಂದ ಪುಸ್ತಕ. ಮುಂಗಡ ಪಡೆದು ದುಡಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಬ್ಬರು, ಬಣ್ಣದ ಖಾತೆಯವರು, ನಿರಂಜನರ ‘ಚಿರಸ್ಮರಣೆ’ ಎಂದು ಬರೆದಿದ್ದಾರೆ. ಅದು ಕಯ್ಯೂರಿನ ರೈತರ ಕಥೆ. ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಈಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ೧೯೪೧ರಲ್ಲಿ ಅಲ್ಲಿ ನಡೆದ ಘಟನೆಗೆ ಸಂಬಂಧಿಸಿ ೧೯೪೩ರ ಮಾರ್ಚ್ ೨೯ರಂದು ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಅದೇ ಸೀಮೆಯ ನೀಲೇಶ್ವರದಲ್ಲಿ ನಿರಂಜನರು ಶಾಲೆ ಓದಿದವರು. ೧೯೫೫ರಲ್ಲಿ ಪುಸ್ತಕ ಬಂತು. ಮಲೆಯಾಳಿ ರೈತರ ಈ ಕಥೆಯನ್ನು ಕಾದಂಬರಿ ಮಾಡಿದವರು ಒಬ್ಬ ಕನ್ನಡಿಗರು ಎಂಬುದು ನಮಗೆ ಹೆಮ್ಮೆಯ ಮಾತು. ಭಾಷೆಯ ಹೆಸರಿನಲ್ಲಿ ಗಡಿಯಲ್ಲಿ ಜಗಳ ಹಚ್ಚುವವರು ಇದನ್ನೊಮ್ಮೆ ಓದಲಿ.

ಎರಡನೆಯ ಕಾಲಂ: ಈಗ ಓದುತ್ತಿರುವುದು. ಇಲ್ಲಿ ಅನೇಕರು ಗೆರೆ ಎಳೆದು ಬಿಟ್ಟಿದ್ದಾರೆ. ಕಾರಣ ಕೇಳಿದರೆ, “ಮೇಷ್ಟ್ರೆ, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋದರೆ ಅಕ್ಷರ ಇರುವೆಯ ಹಾಗೆ ಹರಿದಾಡುತ್ತದೆ” ಎಂದರು ಒಬ್ಬರು. ಇದನ್ನು ಸೋಮಾರಿತನ ಎನ್ನುವವರು ಒಂದು ವಾರ ಸ್ಪಿಂಡಲುಗಳ ಮುಂದೆ ನಿಂತು ನೋಡಲಿ. ಸಿಕ್ಕ ಹತ್ತು ನಿಮಿಷವನ್ನು ಮೊಬೈಲು ನುಂಗುತ್ತದೆ ಎಂದು ಇನ್ನೊಬ್ಬರ ದೂರು. ಅದೂ ಸುಳ್ಳಲ್ಲ.

ಕಣ್ಣು ಸೋತರೆ ಕಿವಿ ಉಂಟಲ್ಲ! ಇದು ನಮ್ಮ ಹಳೆಯ ದಾರಿ. ಓದು ಬಾರದ ಹಳ್ಳಿಯಲ್ಲಿ ಗದುಗಿನ ಭಾರತವೂ ಜೈಮಿನಿಯೂ ಉಳಿದು ಬಂದದ್ದು ಹೇಗೆ? ಒಬ್ಬರು ವಾಚಿಸಿದರು, ಒಬ್ಬರು ಅರ್ಥ ಹೇಳಿದರು, ಊರು ಕಟ್ಟೆಯ ಮೇಲೆ ಕೂತು ಕೇಳಿತು. ಹೆಬ್ಬೆಟ್ಟು ಒತ್ತುವ ಮುದುಕ ಕರ್ಣನ ವಿಷಯದಲ್ಲಿ ಮೇಷ್ಟ್ರ ತಪ್ಪು ತಿದ್ದುತ್ತಿದ್ದ.

ದೂರದ ಕ್ಯೂಬಾ ದೇಶದ ಸಂಗತಿ ಹೇಳುತ್ತೇವೆ. ಕಾರ್ಮಿಕರಾದ ನಿಮಗೆ ಇದು ತಿಳಿದಿರಬೇಕು. ಹವಾನಾ ಪಟ್ಟಣದ ಚುಟ್ಟಾ ಕಾರ್ಖಾನೆಗಳಲ್ಲಿ ೧೮೬೫ರಲ್ಲಿ ಒಂದು ಪದ್ಧತಿ ಹುಟ್ಟಿತು. ನೂರಾರು ಜನ ಸಾಲಾಗಿ ಕೂತು ಎಲೆ ಸುತ್ತುತ್ತಾರೆ, ಎತ್ತರದ ಪೀಠದ ಮೇಲೆ ಒಬ್ಬ ಓದುಗ ಕೂತು ಗಟ್ಟಿಯಾಗಿ ಓದುತ್ತಾನೆ. ಮೊದಲು ವೃತ್ತಪತ್ರಿಕೆ, ಆಮೇಲೆ ಕಾದಂಬರಿ. ಓದುಗನಿಗೆ ಸಂಬಳ ಕೊಡುತ್ತಿದ್ದವರು ಧಣಿಗಳಲ್ಲ, ಕೆಲಸಗಾರರೇ ತಮ್ಮ ಕೂಲಿಯಿಂದ ತೆಗೆದು ಕೊಡುತ್ತಿದ್ದರು. ಯಾವ ಪುಸ್ತಕ ಓದಬೇಕೆಂಬುದಕ್ಕೂ ಅವರದೇ ಮತ. ಮರುವರ್ಷವೇ, ೧೮೬೬ರಲ್ಲಿ, ಅಲ್ಲಿನ ಸ್ಪೇನಿನ ಸರಕಾರ ಇದನ್ನು ನಿಷೇಧಿಸಿತು. ಕೈ ದುಡಿಯುತ್ತಿರುವಾಗ ತಲೆ ಸುಮ್ಮನಿರಲಿ ಎಂದು ಆಳುವವರ ಆಸೆ. ನಿಷೇಧ ನಿಲ್ಲಲಿಲ್ಲ, ಪದ್ಧತಿ ಮತ್ತೆ ಎದ್ದಿತು. ಡ್ಯೂಮಾನ ‘ಮಾಂಟೆ ಕ್ರಿಸ್ಟೊ’ ಕಾದಂಬರಿಯನ್ನು ಅವರು ಮೆಚ್ಚಿ ಮೆಚ್ಚಿ ಕೇಳಿದರೆಂದೇ ೧೯೩೫ರಲ್ಲಿ ಒಂದು ಚುಟ್ಟಾಕ್ಕೆ ಆ ಹೆಸರು ಬಿತ್ತೆಂದು ಹೇಳುತ್ತಾರೆ. ಕ್ಯೂಬಾದಿಂದ ಅಮೆರಿಕದ ಟಾಂಪಾ ಪಟ್ಟಣಕ್ಕೆ ಹೋದ ಚುಟ್ಟಾ ಕೆಲಸಗಾರರು ಈ ಪದ್ಧತಿಯನ್ನು ಅಲ್ಲಿಗೂ ಒಯ್ದರು. ೧೯೩೧ರಲ್ಲಿ ಅಲ್ಲಿನ ಮಾಲೀಕರು ಓದುಗರನ್ನು ಪೀಠದಿಂದ ಇಳಿಸಿದಾಗ ಕೆಲಸಗಾರರು ಕೆಲಸ ನಿಲ್ಲಿಸಿ ಹೊರಬಂದರು. ಕೂಲಿಗಾಗಿ ಮುಷ್ಕರ ಎಲ್ಲೆಲ್ಲಿಯೂ ಉಂಟು. ಪುಸ್ತಕ ಕೇಳುವ ಹಕ್ಕಿಗಾಗಿ ಹೊಟ್ಟೆಯ ಮೇಲೆ ಬಟ್ಟೆ ಹಾಕಿಕೊಂಡವರೂ ಇದ್ದರು.

ಅಷ್ಟು ದೂರ ಯಾಕೆ? ಕಣ್ಣೂರಿನ ಬೀಡಿ ಕಟ್ಟುವವರಲ್ಲಿಯೂ ಇದೇ ಪದ್ಧತಿ ಬೆಳೆಯಿತು. ಒಬ್ಬರು ಓದುವಾಗ, ಅವರು ಕಟ್ಟಬೇಕಾದ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿ ಕೊಡುತ್ತಿದ್ದರು.

ಮಗ್ಗದ ಗದ್ದಲದಲ್ಲಿ ಇದು ಆಗುವ ಮಾತಲ್ಲ, ನಮಗೆ ಗೊತ್ತು. ಪಕ್ಕದವನ ಮಾತೇ ಕೇಳದೆ ಕೈಸನ್ನೆ ಮಾಡುವ ಜಾಗ ಅದು. ಆದರೆ ಭಾನುವಾರ ಸಂಜೆ ಈ ಕೋಣೆಯಲ್ಲಿ ಆಗಬಹುದಲ್ಲ? ಒಂದು ತಿಂಗಳಿಂದ ನಾವು ಇಲ್ಲಿ ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಓದಿ ಹೇಳುತ್ತಿದ್ದೇವೆ. ಸಾಕವ್ವ ಕಳೆದುಹೋದ ಹುಂಜ ಹುಡುಕುವುದು, ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ರಾತ್ರಿ ಕೂತು ತಿಂದು ಮುಗಿಸುವುದು, ಆಮೇಲೆ ಪೊಲೀಸರು ಬರುವುದು, ಇದನ್ನು ಕೇಳುವಾಗ ನಕ್ಕವರೇ ಕೊನೆಗೆ ಸುಮ್ಮನಾದರು. ಕಡಲೆಕಾಯಿ ಮಂಡಿಯ ಗೆಳೆಯರೊಬ್ಬರು ಮಾತ್ರ, “ಸರಕು ಕಳಕೊಂಡವನ ಕಡೆಯಿಂದ ಯಾರೂ ಬರೆಯೋದಿಲ್ಲವೇನ್ರಿ?” ಎಂದು ಕೇಳಿದರು. ಸಭೆಯೆಲ್ಲ ಗೊಳ್ಳೆಂದಿತು. ಪ್ರಶ್ನೆ ನ್ಯಾಯವಾದದ್ದೇ. ಅವರೇ ಮರುವಾರ ಪುಸ್ತಕವನ್ನು ಮನೆಗೆ ಒಯ್ದರು, ಇನ್ನೂ ಹಿಂದಿರುಗಿಸಿಲ್ಲ. ಇಲ್ಲಿಯೇ ಕೂತಿದ್ದಾರೆ, ನಾವು ಹೆಸರು ಹೇಳುವುದಿಲ್ಲ.

ಇನ್ನು ಮೂರನೆಯ ಕಾಲಂ, ಬೇಕಾದ ಪುಸ್ತಕ. ಜಗಳ ಇರುವುದು ಇಲ್ಲಿಯೇ. ಗಿರಣಿಯವರು ಕೇಳಿರುವುದು ಕಾರ್ಮಿಕ ಕಾಯದೆಗಳನ್ನು ತಿಳಿಗನ್ನಡದಲ್ಲಿ ವಿವರಿಸುವ ಪುಸ್ತಕ, ಡಾ. ಅಂಬೇಡ್ಕರ್ ಅವರ ಬರಹ ಭಾಷಣಗಳ ಕನ್ನಡ ಸಂಪುಟಗಳು, ಬಸವರಾಜ ಕಟ್ಟೀಮನಿಯವರ ‘ಜ್ವಾಲಾಮುಖಿಯ ಮೇಲೆ’. ಅಂಗಡಿಯವರು ಕೇಳಿರುವುದು ಜಿ.ಎಸ್.ಟಿ. ಲೆಕ್ಕ ಬರೆಯುವ ಕ್ರಮ. ೨೦೧೭ರಲ್ಲಿ ಆ ತೆರಿಗೆ ಬಂದಾಗಿನಿಂದ ಕನ್ನಡದಲ್ಲಿ ಅದನ್ನು ಬಿಡಿಸಿ ಹೇಳುವವರಿಗಾಗಿ ಅವರು ಹುಡುಕುತ್ತಿದ್ದಾರೆ. ಜೊತೆಗೆ ವಚನ ಸಂಪುಟ. ಟೈಲರ್ ಒಬ್ಬರು, “ಮಗಳು ಆಕಾಶದ ಬಗ್ಗೆ ಕೇಳುತ್ತಾಳೆ, ನನಗೆ ಗೊತ್ತಿಲ್ಲ, ಅಂಥದು ಯಾವುದಾದರೂ” ಎಂದು ಬರೆದಿದ್ದಾರೆ. ಅವರಿಗೆ ನಮ್ಮ ಉತ್ತರ ಸಿದ್ಧವಿದೆ. ಕಾರಂತರು ೧೯೩೬ರಲ್ಲಿಯೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಬರೆದರು, ಆಮೇಲೆ ‘ವಿಜ್ಞಾನ ಪ್ರಪಂಚ’. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಬಂದವು. ಇವು ಹಳೆಯವಾದವು, ವಿಜ್ಞಾನ ಮುಂದೆ ಹೋಗಿದೆ. ಆದರೂ ಕನ್ನಡದಲ್ಲಿ ಒಬ್ಬ ಹುಡುಗಿಗೆ ನಕ್ಷತ್ರವನ್ನು ಹೇಗೆ ಹೇಳಬೇಕೆಂಬುದು ಅಲ್ಲಿ ಇಂದಿಗೂ ಕಲಿಯುವ ಹಾಗಿದೆ. ಹೊಸ ಪುಸ್ತಕವೊಂದನ್ನೂ ಜೊತೆಗೆ ತರೋಣ.

ಡಬ್ಬಿಯ ಹಣದಲ್ಲಿ ಇವೆಲ್ಲ ಬರುವುದಿಲ್ಲ. ಹಾಗಾದರೆ ಏನು ಮಾಡುವುದು? ಎರಡು ದಾರಿ ಉಂಟು.

ಒಂದನೆಯದು, ನೀವು ಈಗಾಗಲೇ ಕೊಟ್ಟಿರುವ ಹಣವನ್ನು ಕೇಳುವುದು. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯದೆಯ ಪ್ರಕಾರ ಮನೆ, ಅಂಗಡಿಗಳ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ತೆರಿಗೆ ರಶೀದಿಯನ್ನು ಕನ್ನಡಕ ಹಾಕಿ ನೋಡಿರಿ. ಅಂಗಡಿ ಬಾಡಿಗೆಯದಾದರೂ ಆ ಭಾರ ಬಾಡಿಗೆಯಲ್ಲಿ ಸೇರಿಯೇ ಬರುತ್ತದೆ. ಆದುದರಿಂದ ಸರಕಾರಿ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಕೇಳುವುದು ಭಿಕ್ಷೆಯಲ್ಲ. ಕಾಯದೆ ಪುಸ್ತಕ, ಲೆಕ್ಕದ ಪುಸ್ತಕ, ದೊಡ್ಡ ಸಂಪುಟಗಳು, ಇವುಗಳ ಪಟ್ಟಿಯನ್ನು ಅಲ್ಲಿಗೆ ಲಿಖಿತವಾಗಿ ಕೊಡೋಣ. ಎಲ್ಲರೂ ಸಹಿ ಹಾಕೋಣ.

ಎರಡನೆಯದು ಧಾರವಾಡದ ದಾರಿ. ೧೯೩೩ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ನಿಲ್ಲಿಸಿದ್ದು ಸಾಹುಕಾರರ ಬಂಡವಾಳದ ಮೇಲಲ್ಲ, ಚಂದಾದಾರರ ಮೇಲೆ. ಓದುಗರು ವರ್ಷದ ಚಂದಾ ಕೊಟ್ಟರು, ಪುಸ್ತಕ ಮನೆಗೆ ಬಂತು. ಅದಕ್ಕೂ ಮೊದಲು ಹಾವೇರಿ ಸೀಮೆಯ ಗಳಗನಾಥರು, ನಮ್ಮ ಹಾಗೆ ಮಾಸ್ತರಿಕೆ ಮಾಡಿದವರು, ತಾವೇ ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆ ಗಂಟಿನ ಭಾರದ ಪಾಲನ್ನು ನಾವು ಹೊರೋಣ. ಒಂದೊಂದು ಅಂಗಡಿ ಸಾಲಿನವರು, ಒಂದೊಂದು ಖಾತೆಯವರು ಸೇರಿ ವರ್ಷಕ್ಕೆ ಒಂದೊಂದು ಪುಸ್ತಕ ಕೊಂಡರೆ ಸಾಕು. ಕೊಂಡವರು ಮೊದಲು ಓದಲಿ, ಆಮೇಲೆ ಬೀರುವಿಗೆ ಬರಲಿ.

ಇನ್ನೊಂದು ಮಾತು. ಮೂರನೆಯ ಕಾಲಮ್ಮಿನಲ್ಲಿ “ಮನೆಯವರಿಗೆ” ಎಂದು ಬರೆದು ಪುಸ್ತಕ ಕೇಳಿದವರು ಹಲವರಿದ್ದಾರೆ. ಮನೆಯವರು ಯಾವ ಪುಸ್ತಕ ಬೇಕೆಂದರು? ಹೆಚ್ಚಿನವರು ಅದನ್ನು ಬರೆದಿಲ್ಲ, “ಯಾವುದಾದರೂ ಕಾದಂಬರಿ” ಎಂದು ಹಾಕಿದ್ದಾರೆ. ಬೀಡಿ ಕಟ್ಟುವ, ಹೊಲಿಗೆ ಹಾಕುವ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಈ ಊರಿನಲ್ಲಿ ಇಷ್ಟು ಜನ ಇರುವಾಗ ವಾಚನಾಲಯದ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಗಂಡ ತಂದದ್ದನ್ನು ಓದಬೇಕು, ತರದಿದ್ದರೆ ಇಲ್ಲ. ಇದು ಸರಿಯಲ್ಲವೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಇವತ್ತೇ ಈ ಸಭೆಯಲ್ಲಿ ಠರಾವು ಆಗಬೇಕು: ಸದಸ್ಯನ ಮನೆಯ ಹೆಂಗಸರೂ ತಮ್ಮ ಸ್ವಂತ ಹೆಸರಿನಲ್ಲಿ ಸದಸ್ಯರು, ಬೇರೆ ಚಂದಾ ಇಲ್ಲ, ಪುಸ್ತಕ ಆರಿಸುವಾಗ ಅವರಿಗೂ ಒಂದು ಮತ. ಮೂಲೆಯಲ್ಲಿ ಯಾರೋ ಕೆಮ್ಮಿದರು. ಆಕ್ಷೇಪಣೆ ಇದ್ದರೆ ಎದ್ದು ನಿಂತು ಹೇಳಲಿ, ಚರ್ಚೆಗೆ ಹೊತ್ತು ಇಟ್ಟುಕೊಂಡಿದ್ದೇವೆ.

ಪಟ್ಟಿಯನ್ನು ಕಾರ್ಯದರ್ಶಿಗಳು ಈಗ ಗಟ್ಟಿಯಾಗಿ ಓದುತ್ತಾರೆ. ಒಂದೊಂದು ಪುಸ್ತಕದ ಹೆಸರಿಗೆ ಕೈ ಎತ್ತಿರಿ, ಒಬ್ಬರಿಗೆ ಮೂರು ಮತ. ಪತ್ತೇದಾರಿಗೆ ಎತ್ತುವವರು ಧೈರ್ಯವಾಗಿ ಎತ್ತಿರಿ. ಕಡಲೆಕಾಯಿ ಮಂಡಿಯವರು ‘ಒಡಲಾಳ’ವನ್ನು ಬರುವ ಭಾನುವಾರದೊಳಗೆ ತಂದುಕೊಡಬೇಕು, ಅದಕ್ಕೆ ಆರು ಜನ ಕಾದಿದ್ದಾರೆ.