ಟಕಟಕ ಸದ್ದಿನ ಮೂಲ

1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೋ ಶೋನಲ್ಲಿ ಜಪಾನಿನ ಮಜ್ದಾ ಕಂಪನಿ ಎಂಎಕ್ಸ್-5 ಎಂಬ ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರನ್ನು ತೋರಿಸಿತು. ಆ ಮೊದಲ ತಲೆಮಾರಿನ ಕಾರನ್ನು ಇಂದಿಗೂ ಜೋಪಾನ ಮಾಡಿಕೊಂಡು ಬಂದವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದೊಡನೆ ಮೇಲ್ಭಾಗದಿಂದ ಟಕಟಕ, ಟಕಟಕ.

ಹೆದರಿದವರು ಎಂಜಿನ್ನನ್ನೇ ಬಿಚ್ಚಿಸಲು ಹೊರಡುತ್ತಾರೆ. ಬಲ್ಲ ಮೆಕ್ಯಾನಿಕ್ ಮೊದಲಿಗೆ ಸ್ಪ್ಯಾನರ್ ಮುಟ್ಟುವುದೇ ಇಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ವಾಲ್ವ್ ಕವರಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕೇಳುತ್ತಾನೆ. ತಿರುಗುವ ಬೆಲ್ಟಿನಿಂದ ಮಾತ್ರ ದೂರವಿರಬೇಕು. ಅವನು ಗಮನಿಸುವುದು ಸದ್ದಿನ ಲಯವನ್ನು. ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಸುತ್ತುವುದು ಕೆಳಗಿನ ಕ್ರ್ಯಾಂಕ್ ಶಾಫ್ಟಿನ ಅರ್ಧ ವೇಗದಲ್ಲಿ. ಎಂಜಿನ್ ನಿಮಿಷಕ್ಕೆ 850 ಸುತ್ತು ತಿರುಗುವಾಗ ಒಂದು ವಾಲ್ವಿನ ಸದ್ದು ಸೆಕೆಂಡಿಗೆ ಸುಮಾರು 7 ಸಲ ಕೇಳುತ್ತದೆ. ಕೆಳಗಿನ ಬೇರಿಂಗ್ ಸವೆದಿದ್ದರೆ ದನಿ ದಪ್ಪ, ಲಯ ಅದರ ಎರಡರಷ್ಟು; ಎಂಜಿನ್ ಮೇಲೆ ಭಾರ ಬಿದ್ದಾಗ ಇನ್ನೂ ಜೋರು. ಆಗ ಗಾಡಿ ಓಡಿಸಲೇಬಾರದು.

ಟಕಟಕಕ್ಕೆ ಹೆಚ್ಚಾಗಿ ಕಾರಣ ಹೈಡ್ರಾಲಿಕ್ ಲಿಫ್ಟರ್. ಕ್ಯಾಮಿಗೂ ವಾಲ್ವಿಗೂ ನಡುವಿನ ಸಂದು ಮುಚ್ಚುವುದು ಅದರೊಳಗಿನ ಆಯಿಲ್. ಆಯಿಲ್ ಕಮ್ಮಿಯಾದರೆ, ಗಸಿ ಕಟ್ಟಿದರೆ ಲಿಫ್ಟರ್ ಪೂರ್ತಿ ತುಂಬುವುದಿಲ್ಲ. ಕ್ಯಾಮ್ ಅದರ ತಲೆಗೆ ಬಡಿಯುತ್ತದೆ. ಹಾಗಾಗಿ ಡಿಪ್‌ಸ್ಟಿಕ್ ಎಳೆದು ನೋಡುವುದೇ ಮೊದಲ ಕೆಲಸ. ಹೊಸ ಆಯಿಲ್, ಫಿಲ್ಟರ್ ಹಾಕಿ ಸ್ವಲ್ಪ ಓಡಿಸಿದ ಮೇಲೆ ಎಷ್ಟೋ ಕಾರುಗಳು ಸುಮ್ಮನಾಗಿವೆ. ಆಗಲೂ ನಿಲ್ಲದಿದ್ದರೆ ಲಿಫ್ಟರುಗಳನ್ನು ಬಿಚ್ಚಿ ತೊಳೆಯಬೇಕು, ಇಲ್ಲವೇ ಹೊಸದು ಹಾಕಿಸಬೇಕು.