ಅಗ್ಗದ ಊರಿನ ಅತಿಥಿಗಳು

‘ಪರದೇಶಿ’ ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು ಎಂಬುದು ಇನ್ನೊಂದು. ಊರು ಬಿಟ್ಟವನಿಗೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲವೆಂದು ನಮ್ಮ ಹಿರಿಯರು ಬಗೆದಿರಬೇಕು. ಆದರೆ ನಮ್ಮ ಜಯಲಕ್ಷ್ಮಿಪುರಂಗೆ ಹೊಂದಿಕೊಂಡಂತಿರುವ ಗೋಕುಲಂ ಬಡಾವಣೆಯಲ್ಲಿ ಬೆಳಗಿನ ಹೊತ್ತು ಒಂದು ಸುತ್ತು ಬಂದರೆ, ಮೊದಲನೆಯ ಅರ್ಥ ಮಾತ್ರ ನಿಂತಿದೆ, ಎರಡನೆಯದು ಬಿದ್ದುಹೋಗಿದೆ ಎನ್ನಿಸುತ್ತದೆ. ಎಳನೀರು ಮಾರುವವನ ಸುತ್ತ ಹತ್ತು ದೇಶಗಳ ಜನ ನೆರೆದಿರುತ್ತಾರೆ. ಇವರು ಅರಮನೆಯನ್ನೂ ಚಾಮುಂಡಿಬೆಟ್ಟವನ್ನೂ ನೋಡಿ ಮಾರನೆಯ ದಿನ ರೈಲು ಹತ್ತುವ ಪ್ರವಾಸಿಗಳಲ್ಲ. ತಿಂಗಳುಗಟ್ಟಲೆ ಬಾಡಿಗೆಗೆ ಮನೆ ಹಿಡಿದು, ಹಾಲು ತರಕಾರಿ ಕೊಂಡು, ಒಲೆ ಹೂಡುವವರು.

ಇವರನ್ನು ಇಲ್ಲಿಗೆ ಕರೆತಂದದ್ದು ಯೋಗ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ‘ಯೋಗಮಕರಂದ’ವನ್ನು ಕನ್ನಡದಲ್ಲಿಯೇ ಬರೆದರು. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರು ಹಾಸನ ಸೀಮೆಯ ಕೌಶಿಕ ಗ್ರಾಮದವರು. ಇಲ್ಲಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪಕರಾಗಿದ್ದವರು. ಲಕ್ಷ್ಮೀಪುರಂನಲ್ಲಿದ್ದ ಅವರ ಶಾಲೆಗೆ ಬೆಲ್ಜಿಯಂ ದೇಶದ ವಾನ್ ಲೈಸೆಬೆತ್ ಎಂಬಾತ 1964ರಲ್ಲಿ ಬಂದ. ಅವನ ಬಳಿಕ ಒಬ್ಬರ ಹಿಂದೆ ಒಬ್ಬರು ಬಂದರು. ಹನ್ನೆರಡು ಜನ ಹಿಡಿಸುವ ಆ ಕೋಣೆ ಸಾಲದೆ, 2002ರಲ್ಲಿ ಶಾಲೆ ಗೋಕುಲಂಗೆ ಬಂದಿತು. ಜೋಯಿಸರು 2009ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ‘ಮೈಸೂರು’ ಎಂಬ ಹೆಸರು ಪಾಕ್‌ಗೂ ಮಲ್ಲಿಗೆಗೂ ಮಾತ್ರವಲ್ಲದೆ ಯೋಗದ ಒಂದು ಕ್ರಮಕ್ಕೂ ಹೊರದೇಶಗಳಲ್ಲಿ ಅಂಟಿಕೊಂಡಿತ್ತು.

ಯೋಗ ಕರೆತಂದಿತು ಸರಿ. ತಿಂಗಳುಗಟ್ಟಲೆ ಇರಿಸಿದ್ದು ಯಾವುದು? ನಾಣ್ಯದ ಲೆಕ್ಕ. 1966ರ ಜೂನ್ ತಿಂಗಳವರೆಗೆ ಒಂದು ಡಾಲರಿಗೆ 4 ರೂಪಾಯಿ 76 ಪೈಸೆ. ಆ ತಿಂಗಳ ಅಪಮೌಲ್ಯದ ಮೇಲೆ ಏಳೂವರೆ ರೂಪಾಯಿ. ಈಗ ಎಂಬತ್ತಕ್ಕೂ ಮೇಲೆ. ಅವರ ಊರಿನಲ್ಲಿ ಒಂದು ವಾರಕ್ಕೆ ಆಗುವ ಬಾಡಿಗೆಯಲ್ಲಿ ಇಲ್ಲಿ ತಿಂಗಳು ಕಳೆಯಬಹುದು. ಅವರಿಗೆ ನಮ್ಮ ಊರು ಅಗ್ಗ. ಆದರೆ ಅಗ್ಗವೆಂಬುದು ಊರಿನ ಗುಣವಲ್ಲ, ಕೊಳ್ಳುವವನ ಕೈಚೀಲದ ಗುಣ. ಅದೇ ಮನೆ, ಅದೇ ಬೀದಿ. ಸಂಬಳದಲ್ಲಿ ಬದುಕುವ ಗುಮಾಸ್ತನಿಗೆ ಅದು ದುಬಾರಿಯೇ.

ಇಲ್ಲಿಯೇ ತೊಡಕಿರುವುದು. ಮೂರು ತಿಂಗಳಿಗೆ ಬರುವ ಅತಿಥಿ ಕೊಡುವ ಬಾಡಿಗೆಯನ್ನು, ಮೂರು ವರ್ಷ ಇರುವ ಸಂಸಾರಸ್ಥ ಕೊಡಲಾರ. ನನ್ನ ಸಹೋದ್ಯೋಗಿಯೊಬ್ಬರು, ಹತ್ತು ವರ್ಷ ಇದ್ದ ಮನೆಯನ್ನು ತೆರವು ಮಾಡಿ, ಮಕ್ಕಳ ಶಾಲೆ ಇಲ್ಲಿಯೇ ಉಳಿದಿದ್ದರೂ, ರಿಂಗ್ ರಸ್ತೆಯ ಆಚೆಗೆ ಹೋಗಬೇಕಾಯಿತು. ಮನೆಯೊಡೆಯರು ಕೆಟ್ಟವರೇನೂ ಅಲ್ಲ. “ಮೇಷ್ಟ್ರೇ, ಮಗಳ ಮದುವೆ ಸಾಲ ಇದೆ, ನೀವೇ ಹೇಳಿ ನಾನೇನು ಮಾಡಲಿ?” ಎಂದರಂತೆ. ಅದಕ್ಕೆ ಯಾವ ಮೇಷ್ಟರಲ್ಲಿ ತಾನೆ ಉತ್ತರವಿದ್ದೀತು?

ಉತ್ತರವಿರುವ ಪ್ರಶ್ನೆ ಇನ್ನೊಂದಿದೆ. ಮನೆ ಕೇಳಿಕೊಂಡು ಬಂದ ನಮ್ಮವರನ್ನು ನಾವು ಏನೇನು ಕೇಳುವುದಿಲ್ಲ? ಯಾವ ಜನ, ಮಾಂಸ ತಿನ್ನುತ್ತೀರಾ, ಮದುವೆಯಾಗಿದೆಯೆ, ಮನೆಗೆ ಯಾರು ಯಾರು ಬಂದುಹೋಗುತ್ತಾರೆ! ಹಳ್ಳಿಯಿಂದ ಓದಲು ಬಂದ ಹುಡುಗ ಈ ಪರೀಕ್ಷೆಯಲ್ಲಿ ನಪಾಸಾಗಿ ಹಿಂದಿರುಗುತ್ತಾನೆ. ಅದೇ ಬಾಗಿಲು ಪರದೇಶದವರಿಗೆ ಪ್ರಶ್ನೆಯಿಲ್ಲದೆ ತೆರೆಯುತ್ತದೆ. ವಿದೇಶೀಯರಿಗೆ ಮನೆ ಕೊಟ್ಟವರು ಆ ವಿಷಯವನ್ನು 24 ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸತಕ್ಕದ್ದೆಂದು ಸರ್ಕಾರದ ನಿಯಮವಿದೆ, ಕೇಳಬೇಕಾದ್ದು ಅಷ್ಟೆ. ಆ ಔದಾರ್ಯದಲ್ಲಿ ಕಾಲುಭಾಗ ನಮ್ಮ ಹುಡುಗರಿಗೂ ದೊರೆತರೆ, ಅತಿಥಿಸತ್ಕಾರವೆಂಬ ದೊಡ್ಡ ಮಾತಿಗೆ ಅರ್ಥ ಬಂದೀತು. ಇಲ್ಲದಿದ್ದರೆ ನಾವು ಸತ್ಕರಿಸಿದ್ದು ಅತಿಥಿಯನ್ನಲ್ಲ, ಡಾಲರನ್ನು.

ಹಾಗೆಂದು ಅವರಿಂದ ಊರಿಗೆ ಕೇಡೇ ಆಯಿತೆನ್ನಲಾಗದು. ಮನೆಗೆಲಸದ ಹೆಂಗಸರು, ಆಟೋ ನಡೆಸುವವರು, ಹಣ್ಣಿನ ಅಂಗಡಿಯವರು, ಸಂಸ್ಕೃತ ಹೇಳಿಕೊಡುವ ಪಂಡಿತರು, ಎಷ್ಟೋ ಜನರ ಅನ್ನ ಇದರಲ್ಲಿದೆ. 2020ರ ಮಾರ್ಚ್‌ನಲ್ಲಿ ಕೊರೋನಾ ಹಾವಳಿಯಿಂದ ಹೊರದೇಶದ ವಿಮಾನಗಳು ನಿಂತಾಗ ಇದು ಎಲ್ಲರಿಗೂ ತಿಳಿಯಿತು. ಮನೆಗಳ ಮುಂದೆ ‘ಬಾಡಿಗೆಗಿದೆ’ ಫಲಕಗಳು ತೂಗಿದವು. ಸಾಲ ಮಾಡಿ ಮಹಡಿ ಕಟ್ಟಿಸಿದವರು ತಲೆಯ ಮೇಲೆ ಕೈಹೊತ್ತು ಕುಳಿತರು. ಒಂದೇ ಬಗೆಯ ಒಕ್ಕಲನ್ನು ನಂಬಿದ ಬೀದಿಯೂ, ಒಂದೇ ಬೆಳೆಯನ್ನು ನಂಬಿದ ಹೊಲವೂ ಒಂದೇ.

ಇಂತಹ ಊರು ನಮ್ಮದೊಂದೇ ಅಲ್ಲ. ಉತ್ತರ ಆಫ್ರಿಕದ ಮೊರಾಕೊ ದೇಶದಲ್ಲಿ ಟಾಂಜಿಯರ್ ಎಂಬ ಕಡಲತಡಿಯ ಪಟ್ಟಣವಿದೆ. ಅಮೆರಿಕದ ಲೇಖಕ ಪಾಲ್ ಬೌಲ್ಸ್ 1947ರಲ್ಲಿ ಅಲ್ಲಿ ಬಿಡಾರ ಹೂಡಿ, 1999ರಲ್ಲಿ ಸಾಯುವವರೆಗೂ ಅದನ್ನೇ ಊರೆಂದುಕೊಂಡ. ಬದುಕು ಅಗ್ಗವೆಂದು ಅಲ್ಲಿ ನೆಲಸಿದ ಹೊರಗಿನವರು ಎಷ್ಟೋ ಮಂದಿ. ಈತನ ಹೆಸರು ಉಳಿದದ್ದಕ್ಕೆ ಬೇರೆ ಕಾರಣವೂ ಉಂಟು: ಆತ ಅಲ್ಲಿಯ ಕಥೆಗಾರರ ಬಾಯಿಂದ ಕಥೆ ಕೇಳಿ ಇಂಗ್ಲಿಷಿಗೆ ತಂದ, 1959ರಲ್ಲಿ ಹಳ್ಳಿಹಳ್ಳಿ ತಿರುಗಿ ಅವರ ಹಾಡುಗಳನ್ನು ಧ್ವನಿಮುದ್ರಿಸಿದ. ಊರಿನಲ್ಲಿ ಇರುವುದು ಬೇರೆ, ಊರಿನ ಮಾತಿಗೆ ಕಿವಿಗೊಡುವುದು ಬೇರೆ.

ನಮ್ಮ ಅತಿಥಿಗಳು ಏಕಂ, ದ್ವೇ, ತ್ರೀಣಿ ಎಂದು ಸಂಸ್ಕೃತದಲ್ಲಿ ಎಣಿಸಿ ಆಸನ ಹಾಕುತ್ತಾರೆ. ಹುಣ್ಣಿಮೆ ಅಮಾವಾಸ್ಯೆಗಳಂದು ಅವರಿಗೆ ಅಭ್ಯಾಸಕ್ಕೆ ರಜ; ಪಂಚಾಂಗದ ಆ ತಿಥಿಗಳು ನನ್ನ ವಿದ್ಯಾರ್ಥಿಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತು! ಆದರೆ ‘ಎಷ್ಟು?’ ‘ಸಾಕು’ ಎಂಬ ಕನ್ನಡ ಬಾರದು. ಜೋಯಿಸರ ‘ಯೋಗಮಾಲಾ’ 1962ರಲ್ಲಿ ಅಚ್ಚಾದದ್ದು ಕನ್ನಡದಲ್ಲಿ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು. ನಾವೇ ಅವರೊಡನೆ ಇಂಗ್ಲಿಷಿಗೆ ಹಾರಿದರೆ ಅವರು ಕಲಿಯುವುದೆಂತು? ನಮ್ಮ ಬೀದಿಯ ಹೂವಿನ ಅಜ್ಜಿಗೆ ಇಂಗ್ಲಿಷ್ ಬಾರದು. “ಎಷ್ಟು ಮೊಳ ಬೇಕವ್ವ?” ಎಂದೇ ಕೇಳುತ್ತಾಳೆ, “ಎರಡು ಮೊಳ ಅಜ್ಜಿ” ಎಂದು ಈಗ ಉತ್ತರ ಬರುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ?

ಹೊಟ್ಟೆಪಾಡಿಗೆ, ಓದಿಗೆ ನಮ್ಮವರೂ ಪರಸ್ಥಳ ಸೇರಿದ್ದಾರೆ. ಹಿಂದೆ ಮುಂಬಯಿಗೆ ಹೋದರು, ಈಗ ಕೊಲ್ಲಿ ದೇಶಗಳಿಗೂ ಅಮೆರಿಕಕ್ಕೂ ಹೋಗುತ್ತಾರೆ. ಅಲ್ಲಿ ನಮ್ಮ ಮಕ್ಕಳಿಗೆ ಮನೆ ಕೊಡುವವರು ನ್ಯಾಯವಾದ ಬಾಡಿಗೆ ಕೇಳಲಿ, ಜಾತಿ ಬಣ್ಣ ಕೇಳದಿರಲಿ ಎಂದು ನಾವು ಹಾರೈಸುತ್ತೇವಲ್ಲವೆ? ಆ ಹಾರೈಕೆಯನ್ನೇ ನಮ್ಮ ಮನೆಯ ಬಾಗಿಲಿಗೂ ಅಳತೆಗೋಲಾಗಿ ಇಟ್ಟುಕೊಳ್ಳೋಣ. ದೂರದಿಂದ ಬಂದವರಾಗಲಿ, ಪಕ್ಕದ ಹಳ್ಳಿಯಿಂದ ಬಂದವರಾಗಲಿ, ನಮ್ಮ ಮೈಸೂರಿನಲ್ಲಿ ಯಾರೂ ಎರಡನೆಯ ಅರ್ಥದ ಪರದೇಶಿಗಳಾಗದಿರಲಿ.